ಭೂಮಿಗೆ ಬರುವ ನೋಟೀಸು: ದಿನ ತಪ್ಪಿದರೆ ಹಕ್ಕೂ ತಪ್ಪೀತು

ಮನೆಯ ಮಾತು ಕನ್ನಡ, ಜಮೀನಿನ ಕಾಗದ ತಮಿಳು. ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳ ಕನ್ನಡ ಮನೆತನಗಳು ತಲೆಮಾರುಗಳಿಂದ ಈ ಎರಡು ಭಾಷೆಗಳ ನಡುವೆ ಬಾಳಿಕೊಂಡು ಬಂದಿವೆ. ಬೋಡಿನಾಯಕನೂರು, ಕಂಬಂ, ಉತ್ತಮಪಾಳೈಯಂ ಸುತ್ತಿನ ಒಕ್ಕಲಿಗರು, ನೆರೆಯವರ ಬಾಯಲ್ಲಿ ಕಾಪ್ಪಿಲಿಯರೆನಿಸಿಕೊಂಡವರು, ಅಡುಗೆಮನೆಯಲ್ಲಿ ಕನ್ನಡವಾಡಿ ತಾಲ್ಲೂಕು ಕಚೇರಿಯಲ್ಲಿ ತಮಿಳಿನಲ್ಲಿ ಸಹಿ ಹಾಕುತ್ತಾರೆ. ತಾಳವಾಡಿ, ಹೊಸೂರು ಭಾಗಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರಲ್ಲಿ ಅನೇಕರಿಗೆ ಕನ್ನಡ ಅಕ್ಷರ ಬರುತ್ತದೆ, ತಮಿಳು ಅಕ್ಷರ ಬಾರದು. ಆದರೆ ರಸ್ತೆಗೋ ರೈಲಿಗೋ ಕೈಗಾರಿಕೆಗೋ ಭೂಮಿ ಬೇಕೆಂದು ಸರ್ಕಾರ ಹೊರಡಿಸುವ ಅಧಿಸೂಚನೆ ಎರಡೂ ಕಡೆಯವರಿಗೆ ಒಂದೇ ಬಗೆಯಲ್ಲಿ ಬರುತ್ತದೆ: ತಮಿಳು ಇಲ್ಲವೆ ಇಂಗ್ಲಿಷಿನಲ್ಲಿ, ಸರ್ವೆ ನಂಬರುಗಳ ಉದ್ದನೆಯ ಪಟ್ಟಿಯಾಗಿ, ರಾಜಪತ್ರದಲ್ಲಿ, ಪತ್ರಿಕೆಯ ಒಳಪುಟದಲ್ಲಿ, ಕಚೇರಿಯ ಗೋಡೆಯ ಮೇಲೆ. ಅದನ್ನು ಮನೆಯವರು ಯಾರೂ ಓದದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಪ್ರಕಟವಾದಂತೆಯೇ ಸರಿ. ಅಂದಿನಿಂದಲೇ ದಿನಗಳ ಎಣಿಕೆ ಆರಂಭವಾಗುತ್ತದೆ.

ಸರ್ಕಾರ ಭೂಮಿಯನ್ನು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ, ತೆಗೆದುಕೊಳ್ಳಬಹುದು ಎಂಬುದೇ. ಆದರೆ ಹೇಗೆ ಬೇಕಾದರೂ ತೆಗೆದುಕೊಳ್ಳುವಂತಿಲ್ಲ. ಮೊದಲು ತಿಳಿಸಬೇಕು, ಮಾಲೀಕನ ಮಾತು ಕೇಳಬೇಕು, ತಕ್ಕ ಬೆಲೆ ಕೊಡಬೇಕು. ಈ ಮೂರು ರಕ್ಷಣೆಗಳಲ್ಲಿ ಪ್ರತಿಯೊಂದೂ ಒಂದು ದಾಖಲೆಗೆ ಮತ್ತು ಒಂದು ಗಡುವಿಗೆ ಕಟ್ಟುಬಿದ್ದಿದೆ. ಭೂಮಿ ಕಳೆದುಕೊಂಡ ಕುಟುಂಬಗಳು ನ್ಯಾಯಾಲಯದಲ್ಲಿ ಸೋತಿರುವುದು ಹಲವೆಡೆ ಹಕ್ಕಿಲ್ಲದೆ ಅಲ್ಲ. ದಾಖಲೆ ತಾತನ ಹೆಸರಿನಲ್ಲಿಯೇ ಉಳಿದು, ಗಡುವು ಮೀರಿ ಹೋದುದರಿಂದ.

ಅಧಿಕಾರದ ಮೂಲ, ಅದರ ಮಿತಿ

ಸಾರ್ವಜನಿಕ ಉದ್ದೇಶಕ್ಕಾಗಿ ಖಾಸಗಿ ಭೂಮಿಯನ್ನು, ಮಾಲೀಕನು ಒಪ್ಪದಿದ್ದರೂ, ಪರಿಹಾರ ಕೊಟ್ಟು ವಶಪಡಿಸಿಕೊಳ್ಳುವ ಪ್ರಭುತ್ವದ ಪರಮಾಧಿಕಾರ ಎಲ್ಲ ದೇಶಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಇದೆ. ಭಾರತದಲ್ಲಿ 1894ರ ಭೂಸ್ವಾಧೀನ ಕಾಯಿದೆ ನೂರು ವರ್ಷಗಳಿಗೂ ಮಿಕ್ಕಿ ಇದಕ್ಕೆ ಆಧಾರವಾಗಿತ್ತು. ಸಂವಿಧಾನ ಜಾರಿಗೆ ಬಂದಾಗ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿದ್ದಿತು. 1978ರ 44ನೇ ತಿದ್ದುಪಡಿ ಅದನ್ನು ಆ ಸ್ಥಾನದಿಂದ ತೆಗೆದು 300ಎ ವಿಧಿಯಲ್ಲಿರಿಸಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬುದು ಅದರ ಸಾರ.

ಈ ವಿಧಿಯ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ವಿಸ್ತಾರವಾಗಿ ಪರಿಶೀಲಿಸಿದ್ದು ಕನ್ನಡ ನಾಡಿನ ಒಂದು ಪ್ರಕರಣದಲ್ಲಿ. ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿ ದಂಪತಿಗಳಿಗೆ ಸೇರಿದ್ದ, 400 ಎಕರೆಗೂ ಮಿಕ್ಕ ಎಸ್ಟೇಟನ್ನು ಕರ್ನಾಟಕ ಸರ್ಕಾರ 1996ರ ವಿಶೇಷ ಕಾಯಿದೆಯ ಮೂಲಕ ಸ್ವಾಧೀನಪಡಿಸಿಕೊಂಡಿತು. ಆ ಸ್ವಾಧೀನವನ್ನು ನ್ಯಾಯಾಲಯ 2011ರ ಆಗಸ್ಟ್ 9ರಂದು ಎತ್ತಿಹಿಡಿಯಿತಾದರೂ ಒಂದು ಮಾತನ್ನು ಖಚಿತಪಡಿಸಿತು: ಸಾರ್ವಜನಿಕ ಉದ್ದೇಶವಿಲ್ಲದ ಸ್ವಾಧೀನ ನಿಲ್ಲದು, ಪರಿಹಾರದ ಹಕ್ಕು 300ಎ ವಿಧಿಯೊಳಗೇ ಅಂತರ್ಗತವಾಗಿದೆ.

2024ರ ಮೇ 16ರಂದು ಕೋಲ್ಕತ್ತಾ ಮಹಾನಗರ ಪಾಲಿಕೆಗೆ ಸಂಬಂಧಿಸಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಆಸ್ತಿಯ ಹಕ್ಕಿನೊಳಗೆ ಏಳು ಎಳೆಗಳಿವೆ ಎಂದು ಬಿಡಿಸಿ ಹೇಳಿತು. ನೋಟೀಸು ಪಡೆಯುವ ಹಕ್ಕು. ಆಕ್ಷೇಪಣೆಯನ್ನು ಕೇಳಿಸುವ ಹಕ್ಕು. ಕಾರಣಸಹಿತವಾದ ನಿರ್ಧಾರವನ್ನು ಪಡೆಯುವ ಹಕ್ಕು. ಸ್ವಾಧೀನ ಸಾರ್ವಜನಿಕ ಉದ್ದೇಶಕ್ಕೆ ಮಾತ್ರವೆಂದು ತೋರಿಸಬೇಕಾದ ಸರ್ಕಾರದ ಕರ್ತವ್ಯ. ನ್ಯಾಯಯುತ ಪರಿಹಾರದ ಹಕ್ಕು. ವಿಳಂಬವಿಲ್ಲದೆ ಪ್ರಕ್ರಿಯೆ ನಡೆಯಬೇಕೆಂಬ ಹಕ್ಕು. ಕೊನೆಗೆ, ಪ್ರಕ್ರಿಯೆ ಕ್ರಮಬದ್ಧವಾಗಿ ಮುಕ್ತಾಯಗೊಳ್ಳಬೇಕೆಂಬ ಹಕ್ಕು. ಇವುಗಳಲ್ಲಿ ಒಂದು ತಪ್ಪಿದರೂ ಸ್ವಾಧೀನವನ್ನು ಪ್ರಶ್ನಿಸಬಹುದು.

ಹಿಮಾಚಲ ಪ್ರದೇಶದ ವೃದ್ಧ ವಿಧವೆಯೊಬ್ಬರ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. 1967–68ರಲ್ಲಿ ಯಾವ ಸ್ವಾಧೀನ ಪ್ರಕ್ರಿಯೆಯನ್ನೂ ನಡೆಸದೆ ಅವರ ಜಮೀನಿನಲ್ಲಿ ರಸ್ತೆ ಮಾಡಲಾಯಿತು. ಓದುಬರಹ ತಿಳಿಯದ ಅವರು ನ್ಯಾಯಾಲಯದ ಬಾಗಿಲಿಗೆ ಬಂದದ್ದು ದಶಕಗಳ ಅನಂತರ. ಇಷ್ಟು ವರ್ಷಗಳ ಸ್ವಾಧೀನಾನುಭವದಿಂದ ಭೂಮಿ ತನ್ನದಾಯಿತೆಂದು ರಾಜ್ಯ ವಾದಿಸಿತು. ಪ್ರಜೆಗಳ ಭೂಮಿಯನ್ನು ಹೀಗೆ ತನ್ನದೆನ್ನಲು ಕಲ್ಯಾಣ ರಾಜ್ಯಕ್ಕೆ ಅಧಿಕಾರವಿಲ್ಲವೆಂದು 2020ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು, ಪರಿಹಾರ ಕೊಡಿಸಿತು. ನ್ಯಾಯ ದೊರೆಯಿತು, ನಿಜ. ಆದರೆ ಅರ್ಧ ಶತಮಾನ ಕಳೆದ ಮೇಲೆ.

ಒಂದೇ ಊರು, ಹಲವು ಕಾನೂನು

ಬೋಡಿಯ ರೈತನ ಭೂಮಿಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಭೂಮಿ ಯಾವುದಕ್ಕೆ ಬೇಕಾಗಿದೆ ಎಂಬುದನ್ನು ಅವಲಂಬಿಸಿದೆ. ಕೊಚ್ಚಿಯಿಂದ ಮುನ್ನಾರ್, ಬೋಡಿಮೆಟ್ಟು ಮಾರ್ಗವಾಗಿ ಇಳಿದು ಬೋಡಿ, ತೇನಿ, ಮದುರೆಯತ್ತ ಸಾಗುವ 85ನೇ ರಾಷ್ಟ್ರೀಯ ಹೆದ್ದಾರಿಗಾಗಲಿ, ದಿಂಡಿಗಲ್ಲಿನಿಂದ ಕಂಬಂ ಕಣಿವೆಯನ್ನು ಹಾದು ಕುಮುಳಿಗೆ ಹೋಗುವ 183ನೇ ಹೆದ್ದಾರಿಗಾಗಲಿ ಭೂಮಿ ಬೇಕಾದರೆ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯಂತೆ ಕ್ರಮ ನಡೆಯುತ್ತದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಕುಟುಂಬಗಳು 66ನೇ ಹೆದ್ದಾರಿಯ ವಿಸ್ತರಣೆಯಲ್ಲಿ ಕಂಡದ್ದೂ ಇದೇ ಕಾಯಿದೆಯನ್ನು.

ರೈಲಿನ ವಿಶೇಷ ಯೋಜನೆಗಳಿಗೆ 1989ರ ರೈಲ್ವೆ ಕಾಯಿದೆಯಲ್ಲಿ ಬೇರೆಯೇ ಅಧ್ಯಾಯವಿದೆ. ಮದುರೆ–ಬೋಡಿ ಹಳಿ 2010ರ ಕೊನೆಯಲ್ಲಿ ಅಗಲೀಕರಣಕ್ಕಾಗಿ ಮುಚ್ಚಿ, 2022ರ ಮೇ 26ರಂದು ತೇನಿಯವರೆಗೆ, 2023ರ ಜೂನ್ 15ರಂದು ಬೋಡಿಯವರೆಗೆ ಮತ್ತೆ ತೆರೆಯಿತು. ಅದು ಹಳೆಯ ಹಳಿಯ ದಾರಿಯನ್ನೇ ಹಿಡಿದ ಕಾರ್ಯ. ಆದರೆ ದಿಂಡಿಗಲ್ಲಿನಿಂದ ಲೋಯರ್ ಕ್ಯಾಂಪಿನವರೆಗೆ ಹೊಸ ಮಾರ್ಗ ಬೇಕೆಂಬ ದೀರ್ಘಕಾಲದ ಬೇಡಿಕೆ ಎಂದಾದರೂ ಕೈಗೂಡಿದರೆ ಕಣಿವೆಯ ಗದ್ದೆ ತೋಟಗಳ ನಡುವೆಯೇ ಭೂಮಿ ಹುಡುಕಬೇಕಾದೀತು.

ರಾಜ್ಯ ಹೆದ್ದಾರಿಗೆ 2001ರ ತಮಿಳುನಾಡು ಹೆದ್ದಾರಿಗಳ ಕಾಯಿದೆ, ಕೈಗಾರಿಕೆಗೆ 1997ರ ತಮಿಳುನಾಡು ಕೈಗಾರಿಕಾ ಉದ್ದೇಶ ಭೂಸ್ವಾಧೀನ ಕಾಯಿದೆ. ಉಳಿದ ಉದ್ದೇಶಗಳಿಗೆ ಕೇಂದ್ರದ 2013ರ ಭೂಸ್ವಾಧೀನ ಕಾಯಿದೆ. ಇದು 2014ರ ಜನವರಿ 1ರಿಂದ ಜಾರಿಯಲ್ಲಿದೆ. ಇವುಗಳಲ್ಲಿ ಮಾಲೀಕನಿಗೆ ಹೆಚ್ಚು ರಕ್ಷಣೆ ನೀಡುವುದು ಈ ಕೊನೆಯದೇ. ಸ್ವಾಧೀನಕ್ಕೆ ಮುನ್ನ ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ವಿಚಾರಣೆ. ಖಾಸಗಿ ಕಂಪನಿಗಾದರೆ ಭೂಮಿ ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇಕಡಾ 80ರಷ್ಟು, ಸರ್ಕಾರಿ–ಖಾಸಗಿ ಪಾಲುದಾರಿಕೆಗಾದರೆ ಶೇಕಡಾ 70ರಷ್ಟು ಒಪ್ಪಿಗೆ. ನೀರಾವರಿಯ ಬಹುಬೆಳೆ ಭೂಮಿಯನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಮುಟ್ಟಬೇಕೆಂಬ ನಿಯಮ ಇವೆಲ್ಲ ಅದರಲ್ಲಿವೆ. 1895ರಲ್ಲಿ ಪೂರ್ಣಗೊಂಡ ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರುಂಡು ಎರಡು ಬೆಳೆ ತೆಗೆಯುವ ಕಂಬಂ ಕಣಿವೆಗೆ ಈ ಕೊನೆಯ ನಿಯಮದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮಿಳುನಾಡಿನಲ್ಲಿ ಮಾತ್ರ ಇಲ್ಲೊಂದು ತೊಡಕಿದೆ. ಮೇಲೆ ಹೇಳಿದ ಎರಡು ರಾಜ್ಯ ಕಾಯಿದೆಗಳನ್ನೂ ಆದಿದ್ರಾವಿಡ ಕಲ್ಯಾಣ ಯೋಜನೆಗಳಿಗಾಗಿ 1978ರಲ್ಲಿ ಮಾಡಿದ ಕಾಯಿದೆಯನ್ನೂ ರಾಜ್ಯ ಸರ್ಕಾರ 2013ರ ಕಾಯಿದೆಯ ಹಿಡಿತದಿಂದ ಹೊರಗಿರಿಸಿತು. ಮದ್ರಾಸ್ ಉಚ್ಚ ನ್ಯಾಯಾಲಯ 2019ರ ಜುಲೈ 3ರಂದು ಅದು ನಿಲ್ಲದೆಂದಿತು. ಅದೇ ವರ್ಷ ವಿಧಾನಸಭೆ ಪುನರುಜ್ಜೀವನ ಕಾಯಿದೆಯನ್ನು ಮಾಡಿ ಮೂರನ್ನೂ ಮರಳಿ ತಂದಿತು. 2021ರ ಜೂನ್ 29ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇದರ ಪರಿಣಾಮವಾಗಿ ರಾಜ್ಯ ಹೆದ್ದಾರಿಗೋ ಕೈಗಾರಿಕೆಗೋ ಭೂಮಿ ಹೋಗುವ ತಮಿಳುನಾಡಿನ ಕುಟುಂಬಕ್ಕೆ 2013ರ ಕಾಯಿದೆಯ ಪರಿಹಾರದ ಲೆಕ್ಕವೂ ಪುನರ್ವಸತಿಯ ಸೌಲಭ್ಯವೂ ಸಿಗುತ್ತವೆ. ಸಾಮಾಜಿಕ ಪರಿಣಾಮದ ಅಧ್ಯಯನವೂ ಒಪ್ಪಿಗೆಯ ಮತವೂ ಸಿಗುವುದಿಲ್ಲ. ಆದುದರಿಂದ ನೋಟೀಸು ಕೈಗೆ ಬಂದೊಡನೆ ಮೊದಲು ಓದಬೇಕಾದ ಸಾಲು ಅದು ಯಾವ ಕಾಯಿದೆಯ ಯಾವ ಸೆಕ್ಷನ್ನಿನಡಿ ಹೊರಟಿದೆ ಎಂಬುದು.

ಎಣಿಸಬೇಕಾದ ದಿನಗಳು

2013ರ ಕಾಯಿದೆಯಂತೆ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನಗಳೊಳಗೆ ಕಲೆಕ್ಟರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ ರಾಜಪತ್ರದಲ್ಲಿ ಪ್ರಕಟವಾದಂದಿನಿಂದ 21 ದಿನ ಮಾತ್ರ. ವಿಶೇಷ ರೈಲು ಯೋಜನೆಯಾದರೆ 30 ದಿನ. ರಾಜ್ಯ ಹೆದ್ದಾರಿ ಕಾಯಿದೆಯಲ್ಲಿ ನೋಟೀಸಿನಲ್ಲಿ ನಮೂದಿಸಿದ ಅವಧಿಯೇ ಗಡುವು. ಆಕ್ಷೇಪಣೆ ಬರೆದುಕೊಟ್ಟವರಿಗೆ ಖುದ್ದಾಗಿಯೋ ವಕೀಲರ ಮೂಲಕವೋ ವಿಚಾರಣೆಯಲ್ಲಿ ಮಾತನಾಡುವ ಹಕ್ಕಿದೆ. ಊರಿನ ಸಭೆಯಲ್ಲಿ ಎಷ್ಟೇ ಜೋರಾಗಿ ವಿರೋಧಿಸಿದರೂ ಕಾಗದ ಕೊಡದವರಿಗೆ ಆ ಹಕ್ಕು ಹುಟ್ಟುವುದಿಲ್ಲ. ಕೊಟ್ಟ ಕಾಗದಕ್ಕೆ ದಿನಾಂಕ, ಮೊಹರು ಇರುವ ಸ್ವೀಕೃತಿ ಪಡೆಯಬೇಕು. ಇಲ್ಲವೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು.

ಆಕ್ಷೇಪಣೆಯಲ್ಲಿ ‘ನಮ್ಮ ಭೂಮಿ ಕೊಡುವುದಿಲ್ಲ’ ಎಂದು ಬರೆದರೆ ಅದಕ್ಕೆ ಬೆಲೆಯಿಲ್ಲ. ಬೇಕಾದುದಕ್ಕಿಂತ ಹೆಚ್ಚು ವಿಸ್ತೀರ್ಣ ಕೇಳಲಾಗಿದೆಯೇ, ಪಕ್ಕದಲ್ಲಿ ಬೀಳುಬಿಟ್ಟ ಸರ್ಕಾರಿ ನೆಲವಿದೆಯೇ, ಬಾವಿ ಒಂದು ಕಡೆ ತೋಟ ಇನ್ನೊಂದು ಕಡೆ ಆಗುವಂತೆ ಜಮೀನು ತುಂಡಾಗುತ್ತದೆಯೇ, ನೀರಿನ ಕಾಲುವೆ ಕಡಿದುಹೋಗುತ್ತದೆಯೇ ಎಂಬಂತಹ ಸಂಗತಿಗಳನ್ನು ಸರ್ವೆ ನಂಬರು ಸಹಿತ ಬರೆಯಬೇಕು. ಮನೆಯ ಒಂದು ಭಾಗವನ್ನಷ್ಟೇ ಸ್ವಾಧೀನಪಡಿಸಿಕೊಳ್ಳಲು ಹೊರಟರೆ ಇಡೀ ಮನೆಯನ್ನೇ ತೆಗೆದುಕೊಳ್ಳುವಂತೆ ಕೇಳಲು 2013ರ ಕಾಯಿದೆಯಲ್ಲಿ ಅವಕಾಶವಿದೆ.

ಗಡುವು ಸರ್ಕಾರಕ್ಕೂ ಇದೆ. 2013ರ ಕಾಯಿದೆಯಂತೆ ಪ್ರಾಥಮಿಕ ಅಧಿಸೂಚನೆಯ 12 ತಿಂಗಳೊಳಗೆ ಅಂತಿಮ ಘೋಷಣೆ, ಅದಾದ 12 ತಿಂಗಳೊಳಗೆ ಪರಿಹಾರದ ಐತೀರ್ಪು ಬರಬೇಕು. ಅವಧಿ ವಿಸ್ತರಣೆಯಾಗದೆ ಮೀರಿದರೆ ಪ್ರಕ್ರಿಯೆ ಬಿದ್ದುಹೋಗುತ್ತದೆ. ಹೆದ್ದಾರಿ ಕಾಯಿದೆಯಲ್ಲಿಯೂ ಮೊದಲ ಅಧಿಸೂಚನೆಯ ಒಂದು ವರ್ಷದೊಳಗೆ ಘೋಷಣೆ ಬರದಿದ್ದರೆ ಅದು ರದ್ದಾದಂತೆ. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ 2003ರಲ್ಲಿ ಅಧಿಸೂಚನೆಯಾಗಿ ಎರಡು ದಶಕ ಪರಿಹಾರ ಕಾಣದ ಭೂಮಾಲೀಕರಿಗೆ 2019ರ ಏಪ್ರಿಲ್‌ನ ಮಾರುಕಟ್ಟೆ ಬೆಲೆಯಂತೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜನವರಿ 2ರಂದು ಆದೇಶಿಸಿತು. ಸರ್ಕಾರದ ವಿಳಂಬದ ಹೊರೆಯನ್ನು ರೈತನು ಹೊರಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ.

ಮೊದಲ ದಿನದಿಂದಲೇ ಒಗ್ಗೂಡಿ ಆಕ್ಷೇಪಿಸಿದರೆ ಏನಾದೀತು ಎಂಬುದಕ್ಕೆ ದೇವನಹಳ್ಳಿ ಸಾಕ್ಷಿ. ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಪಡೆಯುವ ಪ್ರಯತ್ನದ ವಿರುದ್ಧ ರೈತರು ಮೂರು ವರ್ಷಗಳಿಗೂ ಮಿಕ್ಕಿ ಧರಣಿ ನಡೆಸಿದರು. 2025ರ ಜುಲೈ 15ರಂದು ಕರ್ನಾಟಕ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು.

ಬೆಲೆಯ ಲೆಕ್ಕ

ಪರಿಹಾರದ ಲೆಕ್ಕ ಮಾರುಕಟ್ಟೆ ಬೆಲೆಯಿಂದ ಆರಂಭವಾಗುತ್ತದೆ. ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ ಒಂದು ಕಡೆ. ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಅದೇ ಬಗೆಯ ಭೂಮಿಯ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಆರಿಸಿ ತೆಗೆದ ಸರಾಸರಿ ಇನ್ನೊಂದು ಕಡೆ. ಇವೆರಡರಲ್ಲಿ ಹೆಚ್ಚಿನದನ್ನು ಹಿಡಿಯಬೇಕು. ಖಾಸಗಿ ಕಂಪನಿ ಅಥವಾ ಪಾಲುದಾರಿಕೆಯ ಯೋಜನೆಯಲ್ಲಿ ಒಪ್ಪಂದದ ಬೆಲೆ ಅದಕ್ಕೂ ಮೇಲಿದ್ದರೆ ಅದನ್ನೇ. ಗ್ರಾಮಾಂತರ ಭೂಮಿಯಾದರೆ ನಗರದಿಂದಿರುವ ದೂರವನ್ನು ನೋಡಿ ಸರ್ಕಾರ ಗೊತ್ತುಪಡಿಸಿದ, 1ರಿಂದ 2ರವರೆಗಿನ ಒಂದು ಗುಣಕದಿಂದ ಅದನ್ನು ಗುಣಿಸಬೇಕು. ಮರ, ಬಾವಿ, ಕಟ್ಟಡಗಳ ಬೆಲೆಯನ್ನು ಕೂಡಿಸಬೇಕು. ಬಂದ ಮೊತ್ತದಷ್ಟನ್ನೇ ಮತ್ತೆ ಸೊಲೇಷಿಯಂ ಎಂಬ ಸಾಂತ್ವನಧನವಾಗಿ ಸೇರಿಸಬೇಕು.

ಉದಾಹರಣೆಗೆ, ಒಂದು ಎಕರೆಗೆ 10 ಲಕ್ಷ ರೂಪಾಯಿ ಮಾರುಕಟ್ಟೆ ಬೆಲೆ, ಗುಣಕ 1.25 ಎಂದಿಟ್ಟುಕೊಳ್ಳೋಣ. ಭೂಮಿಯ ಬೆಲೆ 12.5 ಲಕ್ಷವಾಯಿತು. ತೆಂಗು, ಮಾವು, ಬಾವಿಗಳಿಗೆ 2.5 ಲಕ್ಷ ಕೂಡಿದರೆ 15 ಲಕ್ಷ. ಸೊಲೇಷಿಯಂ ಮತ್ತೆ 15 ಲಕ್ಷ. ಒಟ್ಟು 30 ಲಕ್ಷ. ಇದಲ್ಲದೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇಕಡಾ 12ರಂತೆ ಹೆಚ್ಚುವರಿ ಮೊತ್ತ ಸೇರುತ್ತದೆ. ಹೆದ್ದಾರಿಗೆ ಹೋದ ಭೂಮಿಗೆ ಸೊಲೇಷಿಯಂ ಇಲ್ಲವೆಂಬ ಹಳೆಯ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2019ರ ಸೆಪ್ಟೆಂಬರ್ 19ರಂದು ರದ್ದುಪಡಿಸಿತು. 2015ರಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿಗೂ 2013ರ ಕಾಯಿದೆಯ ಪರಿಹಾರದ ಲೆಕ್ಕವೇ ಅನ್ವಯಿಸುತ್ತದೆ.

ಈ ಲೆಕ್ಕದಲ್ಲಿ ಎರಡು ಕಡೆ ಕುಟುಂಬಗಳು ತಮ್ಮ ಕೈಯಿಂದಲೇ ನಷ್ಟ ಮಾಡಿಕೊಳ್ಳುತ್ತವೆ. ಮೊದಲನೆಯದು ಕ್ರಯಪತ್ರದಲ್ಲಿ ನಿಜವಾದ ಬೆಲೆಯನ್ನು ಕಡಿಮೆ ತೋರಿಸುವ ರೂಢಿ. ಮುದ್ರಾಂಕ ಶುಲ್ಕದಲ್ಲಿ ಕೆಲವು ಸಾವಿರ ಉಳಿದಂತೆ ಕಂಡರೂ, ಅಂತಹ ಪತ್ರಗಳೇ ಮುಂದೆ ಇಡೀ ಊರಿನ ಭೂಮಿಯ ಬೆಲೆಗೆ ಅಳತೆಗೋಲಾಗುತ್ತವೆ. ಎರಡನೆಯದು ಅಡಂಗಲ್ ದಾಖಲೆಯನ್ನು ಕಡೆಗಣಿಸುವುದು. ಬೋಡಿಯ ಸುತ್ತ ಮಾವು, ತೆಂಗು, ಸ್ಥಳೀಯರು ಇಲವಂ ಎನ್ನುವ ಬೂರುಗದ ಮರಗಳು, ಬೆಟ್ಟದ ಮೇಲೆ ಏಲಕ್ಕಿ, ಕಾಫಿ ಇವೆ. ಆದರೆ ಅಡಂಗಲ್‌ನಲ್ಲಿ ಆ ಸರ್ವೆ ನಂಬರಿಗೆ ‘ಪಾಳು’ ಎಂದೋ ‘ಮಳೆಯಾಶ್ರಿತ’ ಎಂದೋ ಬರೆದುಹೋಗಿದ್ದರೆ, ಮೂವತ್ತು ವರ್ಷದ ಮರಕ್ಕೆ ಬೆಲೆ ಕಟ್ಟಿಸಲು ತೋಟಗಾರಿಕೆ ಇಲಾಖೆಯ ಮುಂದೆ ಹೋರಾಡಬೇಕಾಗುತ್ತದೆ. ಕರ್ನಾಟಕದ ನೆಂಟರು ಪಹಣಿ ಎನ್ನುವುದರಲ್ಲಿ ಕಾಣುವ ಬೆಳೆಯ ವಿವರ ಇಲ್ಲಿ ಅಡಂಗಲ್‌ನಲ್ಲಿ ಇರುತ್ತದೆ. ವರ್ಷಕ್ಕೊಮ್ಮೆ ಅದರ ನಕಲನ್ನು ತೆಗೆಸಿ ನೋಡುವುದು ಒಳ್ಳೆಯದು.

ಐತೀರ್ಪಿನ ಮೊತ್ತ ಸಾಲದೆನಿಸಿದರೆ ಮುಂದಿನ ದಾರಿಯೂ ದಿನಗಳಿಗೆ ಕಟ್ಟುಬಿದ್ದಿದೆ. 2013ರ ಕಾಯಿದೆಯಲ್ಲಿ, ಐತೀರ್ಪಿನ ದಿನ ಹಾಜರಿದ್ದವರು ಆರು ವಾರಗಳೊಳಗೆ ವಿಷಯವನ್ನು ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಅರ್ಜಿ ಕೊಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಹಣವನ್ನು ಪಡೆದುಕೊಂಡರೆ ಹೋರಾಟ ಮುಗಿಯಿತೆಂದು ಹಲವರು ಅಂಜುತ್ತಾರೆ. ಹಾಗೇನಿಲ್ಲ. ಹಣ ಪಡೆಯಬಹುದು, ಆದರೆ ರಸೀತಿಯಲ್ಲಿ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆಯಬೇಕು, ತಮಿಳಿನಲ್ಲಾದರೆ ‘ಆಟ್ಚೇಪಣೈಯುಡನ್ ಪೆಟ್ರುಕ್ಕೊಂಡೇನ್’ ಎಂದು. ಈ ಒಂದು ಸಾಲು ಇಲ್ಲದೆ ಹಣ ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ದಾರಿ 2013ರ ಕಾಯಿದೆಯಲ್ಲಿ ಮುಚ್ಚಿಹೋಗುತ್ತದೆ. ಮಾತುಕತೆಯ ಬೆಲೆಗೆ ಒಪ್ಪಿ ಸಹಿ ಹಾಕುವವರೂ ಇದೇ ಎಚ್ಚರಿಕೆ ವಹಿಸಬೇಕು. ಒಪ್ಪಿಗೆಯ ಕಾಗದವನ್ನು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು. ಒಂದೇ ಅಧಿಸೂಚನೆಯಲ್ಲಿ ಭೂಮಿ ಹೋದ ನೆರೆಯವರಿಗೆ ಪ್ರಾಧಿಕಾರ ಬೆಲೆ ಹೆಚ್ಚಿಸಿದರೆ, ಅರ್ಜಿ ಹಾಕದೆ ಉಳಿದಿದ್ದವರೂ ಆ ತೀರ್ಪಿನ ಮೂರು ತಿಂಗಳೊಳಗೆ ಅದೇ ಬೆಲೆಯನ್ನು ಕೇಳಬಹುದು.

ಪಟ್ಟಾ ಯಾರ ಹೆಸರಿನಲ್ಲಿ?

ಬೋಡಿ ಒಂದು ಕಾಲಕ್ಕೆ ಜಮೀನ್ದಾರಿ. ಮದ್ರಾಸ್ ಪ್ರಾಂತ್ಯದ 1948ರ ಎಸ್ಟೇಟುಗಳ ರದ್ದತಿ ಕಾಯಿದೆ ಇಂತಹ ಜಮೀನ್ದಾರಿಗಳನ್ನು ಪರಿಹಾರ ಕೊಟ್ಟು ಸರ್ಕಾರದ ವಶಕ್ಕೆ ತಂದು, ಉಳುತ್ತಿದ್ದವರಿಗೆ ರೈತವಾರಿ ಪಟ್ಟಾ ಕೊಟ್ಟಿತು. ಇಂದಿಗೂ ಎಷ್ಟೋ ಮನೆಗಳಲ್ಲಿ ಅಂದು ಪಟ್ಟಾ ಪಡೆದ ಹಿರಿಯನ ಹೆಸರೇ ದಾಖಲೆಯಲ್ಲಿದೆ. ಮಕ್ಕಳು, ಮೊಮ್ಮಕ್ಕಳು ಬಾಯಿಮಾತಿನಲ್ಲಿ ಪಾಲು ಹಂಚಿಕೊಂಡು ಉಳುತ್ತಿದ್ದಾರೆ. ಊರೊಳಗೆ ಅದು ನಡೆಯುತ್ತದೆ. ಸ್ವಾಧೀನಾಧಿಕಾರಿಯ ಮುಂದೆ ನಡೆಯದು. ಆತ ದಾಖಲೆಯಲ್ಲಿರುವ ಹೆಸರಿಗೆ ನೋಟೀಸು ಕಳುಹಿಸುತ್ತಾನೆ. ಹೆಸರಿನವರು ತೀರಿಕೊಂಡು ದಶಕಗಳಾಗಿದ್ದರೆ ವಾರಿಸುದಾರರಲ್ಲಿ ಜಗಳ ಹುಟ್ಟಿ, ಪಾಲು ತೀರ್ಮಾನವಾಗುವವರೆಗೆ ಹಣ ಪ್ರಾಧಿಕಾರದಲ್ಲಿಯೋ ನ್ಯಾಯಾಲಯದಲ್ಲಿಯೋ ಠೇವಣಿಯಾಗಿ ಕೂರುತ್ತದೆ.

ಹೆಣ್ಣುಮಕ್ಕಳ ಪಾಲನ್ನು ಮರೆಯುವಂತಿಲ್ಲ. ತಮಿಳುನಾಡು 1989ರಲ್ಲಿಯೇ, ಕೇಂದ್ರ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನನ್ನು ತಿದ್ದಿದವು. 2005ರ ತಿದ್ದುಪಡಿಯಂತೆ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಪಾಲು ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರನ್ನು ಬಿಟ್ಟು ಪರಿಹಾರ ಹಂಚಿಕೊಂಡರೆ ಆ ವಿವಾದ ಮುಂದಿನ ತಲೆಮಾರಿಗೂ ಬೆಂಬಿಡದು.

ಭೂಮಿಯೇ ಇಲ್ಲದವರಿಗೂ ಕಾನೂನಿನಲ್ಲಿ ಸ್ಥಾನವಿದೆ. ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಭೂಮಿಯಲ್ಲಿ ಕೂಲಿ ಮಾಡಿಯೋ ಗೇಣಿಗೆ ಉತ್ತೋ ಬದುಕಿದ ಕುಟುಂಬವೂ ‘ಬಾಧಿತ ಕುಟುಂಬ’ವೇ. ಉದ್ಯೋಗ, ಇಲ್ಲವೆ 5 ಲಕ್ಷ ರೂಪಾಯಿ, ಇಲ್ಲವೆ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ ಎಂಬ ಮೂರರಲ್ಲೊಂದು ಪುನರ್ವಸತಿಯ ಪಟ್ಟಿಯಲ್ಲಿದೆ. ಅಧಿಕಾರಿಗಳು ಮನೆಗಳ ಗಣತಿಗೆ ಬಂದಾಗ ಕೂಲಿಯ ಕುಟುಂಬಗಳ ಹೆಸರನ್ನೂ ಬರೆಸುವುದು ಜಮೀನಿನವರ ಧರ್ಮ.

ಪಟ್ಟಾ ಇಲ್ಲದ ನೆಲ

ಪಟ್ಟಾ ಇಲ್ಲದ ಪೊರಂಬೋಕು ಭೂಮಿಯ ಕಥೆ ಬೇರೆ. ಬೋಡಿಯ ಪಶ್ಚಿಮ ಬೆಟ್ಟಗಳ ಪೊಟ್ಟಿಪುರದಲ್ಲಿ ನ್ಯೂಟ್ರಿನೋ ವೀಕ್ಷಣಾಲಯ ನಿರ್ಮಿಸಲು ಕೇಂದ್ರ ಸಚಿವ ಸಂಪುಟ 2015ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಬೆಟ್ಟದೊಳಗೆ ಸುಮಾರು 2 ಕಿಲೋಮೀಟರ್ ಸುರಂಗ ಕೊರೆದು, ಬಂಡೆಯಡಿಯಲ್ಲಿ ಐವತ್ತು ಸಾವಿರ ಟನ್ ಕಬ್ಬಿಣದ ಶೋಧಕವನ್ನು ನಿಲ್ಲಿಸುವ ಯೋಜನೆಯದು. ಅದಕ್ಕೆ ಕೊಟ್ಟ ಸುಮಾರು 27 ಹೆಕ್ಟೇರ್ ಸರ್ಕಾರಿ ಪೊರಂಬೋಕು. ಖಾಸಗಿ ಮಾಲೀಕರಿಲ್ಲದ ಕಾರಣ ಭೂಸ್ವಾಧೀನದ ನೋಟೀಸೂ ಇಲ್ಲ, ಆಕ್ಷೇಪಣೆಯ ಗಡುವೂ ಇಲ್ಲ, ಪರಿಹಾರವೂ ಇಲ್ಲ. ಬೆಟ್ಟದ ತಪ್ಪಲನ್ನು ನೆಚ್ಚಿದ ಸುತ್ತಲಿನ ಹಳ್ಳಿಗರ ಆತಂಕಕ್ಕೆ ಭೂಕಾನೂನಿನಲ್ಲಿ ನಿಲ್ಲಲು ನೆಲೆಯಿರಲಿಲ್ಲ.

ಆದುದರಿಂದ ವಿವಾದ ಪರಿಸರ ಕಾನೂನಿನ ದಾರಿ ಹಿಡಿಯಿತು. 2015ರಲ್ಲಿ ಉಚ್ಚ ನ್ಯಾಯಾಲಯದ ಮದುರೆ ಪೀಠ ಕಾಮಗಾರಿಗೆ ತಡೆ ನೀಡಿತು. 2017ರ ಮಾರ್ಚ್ 20ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನಕ್ಕೆ ಸ್ಥಳ ಸಮೀಪವಿರುವುದನ್ನು ಗಮನಿಸಿ, ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. 2018ರಲ್ಲಿ ಮತ್ತೆ ಅನುಮತಿ ದೊರೆಯಿತು. 2022ರಲ್ಲಿ ತಮಿಳುನಾಡು ಸರ್ಕಾರ ಯೋಜನೆಗೆ ತಾನು ಸಮ್ಮತಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ವಿಜ್ಞಾನದ ದೃಷ್ಟಿಯಿಂದ ಯೋಜನೆ ಒಳ್ಳೆಯದೋ ಅಲ್ಲವೋ ಎಂಬುದು ಬೇರೆ ಚರ್ಚೆ. ಭೂಮಿಯ ದೃಷ್ಟಿಯಿಂದ ಕಲಿಯಬೇಕಾದುದು ಒಂದೇ: ಊರು ತನ್ನದೆಂದು ತಿಳಿದು ಮೇಯಿಸುವ, ನಡೆದಾಡುವ ನೆಲ ದಾಖಲೆಯಲ್ಲಿ ಸರ್ಕಾರದ್ದಾಗಿದ್ದರೆ ಅದನ್ನು ಕಾಯುವ ಸ್ಥಳ ಗ್ರಾಮಸಭೆ ಮತ್ತು ಪರಿಸರ ಅನುಮತಿಯ ವಿಚಾರಣೆ. ಅಲ್ಲಿಯೂ ಮಾತಿಗಿಂತ ಬರೆದುಕೊಟ್ಟ ಕಾಗದಕ್ಕೇ ತೂಕ.

ಶಾಲೆಯ ಅಂಗಳವೂ ಭೂಮಿಯೇ

ಕನ್ನಡ ಶಾಲೆಗಳ ಕುಟುಂಬಗಳು ತಿಳಿದಿರಬೇಕಾದ ಇನ್ನೊಂದು ವಿಧಿಯಿದೆ. ಆಸ್ತಿಯ ಮೂಲಭೂತ ಹಕ್ಕನ್ನು ತೆಗೆದ ಅದೇ 44ನೇ ತಿದ್ದುಪಡಿ, ಸಂವಿಧಾನದ 30ನೇ ವಿಧಿಗೆ 1ಎ ಎಂಬ ಉಪವಿಧಿಯನ್ನು ಸೇರಿಸಿತು. ಅಲ್ಪಸಂಖ್ಯಾತರು ಸ್ಥಾಪಿಸಿ ನಡೆಸುವ ಶಿಕ್ಷಣ ಸಂಸ್ಥೆಯ ಆಸ್ತಿಯನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವಾಗ, ಸಂಸ್ಥೆಯನ್ನು ನಡೆಸುವ ಹಕ್ಕಿಗೆ ಕುಂದು ಬಾರದಂತಹ ಮೊತ್ತವನ್ನು ಗೊತ್ತುಪಡಿಸಬೇಕೆಂಬುದು ಅದರ ಆಶಯ. ಭಾಷಾ ಅಲ್ಪಸಂಖ್ಯಾತರನ್ನು ಆಯಾ ರಾಜ್ಯವನ್ನು ಘಟಕವಾಗಿಟ್ಟು ಗುರುತಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 31ರಂದು ಹೇಳಿದೆ. ಅಂತೆಯೇ ತಮಿಳುನಾಡಿನಲ್ಲಿ ಕನ್ನಡಿಗರು ನಡೆಸುವ ಶಾಲೆಗೆ ಈ ರಕ್ಷಣೆಯಿದೆ. ರಸ್ತೆ ಅಗಲವಾಗುವಾಗ ಶಾಲೆಯ ಮುಂಗಡೆಯ ಆಟದ ಬಯಲು ಹೋದರೆ ಬರಿಯ ಸೆಂಟಿನ ಲೆಕ್ಕದ ಬೆಲೆ ಸಾಲದು. ಶಾಲೆ ನಡೆಯಲು ಬೇಕಾದ ಬದಲಿ ಬಯಲಿನ ವೆಚ್ಚವನ್ನು ಆಡಳಿತ ಮಂಡಳಿ ಈ ವಿಧಿಯ ಹೆಸರೆತ್ತಿ ಕೇಳಬೇಕು. ಶಾಲೆಯ ಭೂಮಿ ಟ್ರಸ್ಟಿನ ಹೆಸರಿಗೆ ವರ್ಗವಾಗದೆ ದಾನಿಯ ಹೆಸರಿನಲ್ಲಿಯೇ ಇದ್ದರೆ ಈ ಮಾತನ್ನು ಎತ್ತುವುದೇ ಕಷ್ಟವಾಗುತ್ತದೆ.

ಭಾಷೆಯ ವಿಷಯದಲ್ಲಿ ಸಂವಿಧಾನದ 350ನೇ ವಿಧಿಯೂ ಇದೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಅದು ಹೇಳುತ್ತದೆ. ಆದರೆ 21 ದಿನದ ಗಡುವಿರುವಾಗ ಭಾಷೆಯ ಹಕ್ಕನ್ನು ಪರೀಕ್ಷಿಸಲು ಹೋಗಿ ಭೂಮಿಯ ಹಕ್ಕನ್ನು ಕಳೆದುಕೊಳ್ಳಬಾರದು. ಕನ್ನಡದ ಮನವಿಯೊಂದಿಗೆ ತಮಿಳಿನ ಪ್ರತಿಯನ್ನೂ ಕೊಡುವುದು ಜಾಣತನ. 2006ರ ತಮಿಳು ಕಲಿಕೆ ಕಾಯಿದೆಯ ತರುವಾಯ ಕನ್ನಡ ಶಾಲೆಯ ಮಕ್ಕಳೂ ತಮಿಳನ್ನು ಓದುತ್ತಾರೆ. ಅಜ್ಜನಿಗೆ ಬಂದ ನೋಟೀಸನ್ನು ಓದಿ ಕನ್ನಡದಲ್ಲಿ ತಿಳಿಸಬಲ್ಲವರು ಮನೆಯಲ್ಲಿಯೇ ಇದ್ದಾರೆ. ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ದೊರೆಯುತ್ತದೆ.

ನೋಟೀಸು ಬರುವ ಮುನ್ನ

ನೋಟೀಸು ಬಂದ ಮೇಲೆ ದಾಖಲೆ ಸರಿಪಡಿಸಲು ಹೊರಟರೆ ದಿನಗಳು ಸಾಲವು. ಪಟ್ಟಾ, ಚಿಟ್ಟಾ, ಅಡಂಗಲ್, ಸರ್ವೆ ನಕ್ಷೆ, ಕ್ರಯಪತ್ರ, ಋಣಭಾರ ಪತ್ರ, ವಾರಿಸು ಪ್ರಮಾಣಪತ್ರ ಇವು ಒಂದೇ ಕಡತದಲ್ಲಿರಬೇಕು. ತೀರಿಕೊಂಡವರ ಹೆಸರಿನಿಂದ ಇರುವವರ ಹೆಸರಿಗೆ ಪಟ್ಟಾ ವರ್ಗವಾಗಬೇಕು. ಕೂಡುಪಟ್ಟಾ ಇದ್ದರೆ ಪಾಲುಪತ್ರ ನೋಂದಣಿ ಮಾಡಿಸಿ ಉಪವಿಭಾಗ ಮಾಡಿಸಬೇಕು.

ಇದಕ್ಕೆ ತಕ್ಕ ಕಾಲವನ್ನು ಕಂದಾಯ ಇಲಾಖೆಯೇ ಒದಗಿಸಿದೆ. ಫಸಲಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಅದಕ್ಕೆ ಮುನ್ನ, ಸಾಮಾನ್ಯವಾಗಿ ಮೇ–ಜೂನ್ ತಿಂಗಳುಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಜಮಾಬಂದಿ ನಡೆಯುತ್ತದೆ. ಆಯಾ ಫಿರ್ಕಾದ ಗ್ರಾಮಗಳ ಲೆಕ್ಕಪತ್ರಗಳೆಲ್ಲ ಅಂದು ಒಂದೇ ಮೇಜಿನ ಮೇಲಿರುತ್ತವೆ. ಪಟ್ಟಾ ವರ್ಗಾವಣೆ, ಅಳತೆಯ ತಿದ್ದುಪಡಿಗಳ ಅರ್ಜಿಗಳನ್ನು ಮೇಲಧಿಕಾರಿ ನೇರವಾಗಿ ಸ್ವೀಕರಿಸುತ್ತಾರೆ. ಶಾಲೆಗಳಿಗೆ ಬೇಸಿಗೆಯ ರಜೆ ಬೀಳುವುದೂ ಅದೇ ಹೊತ್ತಿಗೆ. ತಮಿಳು ಓದಬಲ್ಲ ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದುಕೊಂಡು, ತಾತನ ಕಾಲದ ಪಟ್ಟಾವನ್ನು ಕೈಯಲ್ಲಿ ಹಿಡಿದು, ತಮ್ಮ ಫಿರ್ಕಾದ ಸರದಿಯಂದು ತಾಲ್ಲೂಕು ಕಚೇರಿಗೆ ಹೋಗಿಬರುವ ಕುಟುಂಬಕ್ಕೆ ಮುಂದೆ ಯಾವ ಅಧಿಸೂಚನೆ ಬಂದರೂ ಮೊದಲ ದಿನದಿಂದಲೇ ಉತ್ತರ ಕೊಡಲು ಸಾಧ್ಯವಾಗುತ್ತದೆ.